ಆರ್ಗ್ ಮೋಡ್ ವಿಮರ್ಶೆ: ಕರ್ಸರ್ ಓಡಾಟ ಸರಿಹೋದರೆ ಪ್ಲಾನರ್ ಸರಿಹೋದಂತೆ

ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಲ್ಲಿ ಟಿಪ್ಪಣಿ, ಯೋಜನೆಗೆಂದೇ ಇರುವ ಆರ್ಗ್ ಮೋಡ್‌ನಲ್ಲಿ ಕೆಲಸದ ಪಟ್ಟಿ ಇಡುವವರು ಮೊದಲು ಬದಲಿಸಬೇಕಾದದ್ದು ಕರ್ಸರನ್ನು ಸಾಲಿನ ಆರಂಭಕ್ಕೆ ಒಯ್ಯುವ ಕಂಟ್ರೋಲ್-ಎ ಮತ್ತು ಕೊನೆಗೆ ಒಯ್ಯುವ ಕಂಟ್ರೋಲ್-ಇ ಕೀಗಳ ನಡತೆಯನ್ನು. ಬಣ್ಣ, ಫಾಂಟ್ ಎಲ್ಲ ಆಮೇಲೆ. ಇಲ್ಲಿನ ಹೆಡಿಂಗ್ ಸಾಲಿನಲ್ಲಿ ನಕ್ಷತ್ರ ಚಿಹ್ನೆ, ‘ಟುಡು’ (ಮಾಡಬೇಕಾದದ್ದು) ಎಂಬ ಸ್ಥಿತಿಯ ಪದ, ಶೀರ್ಷಿಕೆ, ಕೊನೆಯಲ್ಲಿ ಕೆಲಸವನ್ನು ವಿಂಗಡಿಸುವ ಟ್ಯಾಗ್ ಇರುತ್ತವೆ. ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಕಂಟ್ರೋಲ್-ಇ ಒತ್ತಿದಾಗ ಕರ್ಸರ್ ಟ್ಯಾಗ್ ದಾಟಿ ನಿಲ್ಲುತ್ತದೆ. ಅಲ್ಲಿ ಒಂದು ಪದ ಬರೆದರೂ ಸಾಕು, ಟ್ಯಾಗ್ ಸಾಲಿನ ತುದಿಯಲ್ಲಿಲ್ಲದ ಕಾರಣ ಬರೀ ಶೀರ್ಷಿಕೆಯ ಭಾಗವಾಗಿಬಿಡುತ್ತದೆ. ಕೆಲಸಗಳನ್ನೆಲ್ಲ ಒಟ್ಟಿಗೆ ತೋರಿಸುವ ಅಜೆಂಡಾದಲ್ಲಿ ಟ್ಯಾಗ್ ಹಿಡಿದು ಹುಡುಕಿದರೆ ಆ ಕೆಲಸ ಸಿಗುವುದೇ ಇಲ್ಲ.

ಇದಕ್ಕೆ ಮದ್ದು ‘ಆರ್ಗ್-ಸ್ಪೆಷಲ್-ಕಂಟ್ರೋಲ್-ಎ/ಇ’ ಎಂಬ ಆಯ್ಕೆ. ಇದರ ಮೌಲ್ಯ ‘ಟಿ’ (ಅಂದರೆ ಚಾಲೂ) ಆದರೆ ಮೊದಲ ಒತ್ತಿಗೆ ಕರ್ಸರ್ ಶೀರ್ಷಿಕೆಯ ಆರಂಭಕ್ಕೆ ಅಥವಾ ಟ್ಯಾಗ್‌ಗೆ ಮುಂಚೆ ಬರುತ್ತದೆ, ಎರಡನೆಯದಕ್ಕೆ ಸಾಲಿನ ನಿಜವಾದ ತುದಿಗೆ ಹೋಗುತ್ತದೆ. ‘ರಿವರ್ಸ್ಡ್’ ಎಂದು ಕೊಟ್ಟರೆ ಈ ಕ್ರಮ ತಿರುಗುಮುರುಗು.

ಹೆಚ್ಚಿನವರು ಕಣ್ಣುಮುಚ್ಚಿ ‘ಟಿ’ ಹಾಕುತ್ತಾರೆ. ಸ್ಪೀಡ್ ಕಮಾಂಡ್ (ಒಂದೇ ಅಕ್ಷರ ಒತ್ತಿ ಕೊಡುವ ಆಜ್ಞೆ) ಬಳಸುವವರಿಗೆ ಅದು ತಪ್ಪು ಆಯ್ಕೆ. ‘ಆರ್ಗ್-ಯೂಸ್-ಸ್ಪೀಡ್-ಕಮಾಂಡ್ಸ್’ ಚಾಲೂ ಮಾಡಿದರೆ ಎನ್, ಪಿ ಒತ್ತಿ ಮುಂದಿನ-ಹಿಂದಿನ ಹೆಡಿಂಗ್‌ಗೆ, ಎಫ್, ಬಿ ಒತ್ತಿ ಅದೇ ಹಂತದ ಹೆಡಿಂಗ್‌ಗೆ, ಯು ಒತ್ತಿ ಮೇಲಿನ ಹಂತಕ್ಕೆ ಹೋಗಬಹುದು. ಆದರೆ ಕರ್ಸರ್ ಮೊದಲ ನಕ್ಷತ್ರದ ಮೇಲಿದ್ದರೆ ಮಾತ್ರ ಇವು ನಡೆಯುತ್ತವೆ. ‘ಟಿ’ ಇದ್ದರೆ ಅಲ್ಲಿಗೆ ಹೋಗಲು ಪ್ರತಿ ಸಲ ಎರಡು ಒತ್ತು ಬೇಕು. ಈ ಆಯ್ಕೆಗೆ ಜೋಡಿ ಮೌಲ್ಯವನ್ನೂ ಕೊಡಬಹುದು ಎಂಬುದು ಹಲವರಿಗೆ ಗೊತ್ತಿಲ್ಲ: ‘(ರಿವರ್ಸ್ಡ್ . ಟಿ)’. ಮೊದಲನೆಯದು ಕಂಟ್ರೋಲ್-ಎಗೆ, ಎರಡನೆಯದು ಕಂಟ್ರೋಲ್-ಇಗೆ. ಒಂದೇ ಒತ್ತಿಗೆ ನಕ್ಷತ್ರ, ಒಂದೇ ಒತ್ತಿಗೆ ಶೀರ್ಷಿಕೆಯ ಕೊನೆ. ದಿನವಿಡೀ ಪಟ್ಟಿ ತಿದ್ದುವವರಿಗೆ ಇದಕ್ಕಿಂತ ಒಳ್ಳೆಯ ಜೋಡಣೆ ಇಲ್ಲ.

ಒಂದು ಎಚ್ಚರಿಕೆ: ಸಾಲಿನ ಆರಂಭದಲ್ಲಿ ಮರೆತು ಟೈಪ್ ಮಾಡಿದರೆ ಅಕ್ಷರಗಳೇ ಆಜ್ಞೆಗಳಾಗುತ್ತವೆ. ಟಿ ಕೀ ಒತ್ತಿದರೆ ಕೆಲಸದ ಸ್ಥಿತಿ ಬದಲಾಗುತ್ತದೆ. ಕೂಡಲೇ ಅನ್‌ಡು ಮಾಡಿ. ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಎಲ್ಲ ಸ್ಪೀಡ್ ಕೀಗಳ ಪಟ್ಟಿ ಬರುತ್ತದೆ. ಈಮ್ಯಾಕ್ಸ್‌ಗೆ ವಿಮ್ ಸಂಪಾದಕದ ಕೀಗಳನ್ನು ತರುವ ಈವಿಲ್ ಬಳಸುವವರಿಗೆ, ಅಕ್ಷರಗಳೇ ಆಜ್ಞೆಗಳಾಗುವ ಅದರ ನಾರ್ಮಲ್ ಸ್ಥಿತಿಯಲ್ಲಿ ಈ ಕೀಗಳು ಸಿಗುವುದಿಲ್ಲ, ಆ ಅಕ್ಷರಗಳನ್ನು ಈವಿಲ್ ಮೊದಲೇ ಹಿಡಿದಿಟ್ಟಿರುತ್ತದೆ.

ಜೊತೆಗೆ, ಕರ್ಸರ್‌ನಿಂದ ಸಾಲಿನ ಕೊನೆಯವರೆಗೆ ಅಳಿಸುವ ಕಂಟ್ರೋಲ್-ಕೆ ಕೀಗಾಗಿ ‘ಆರ್ಗ್-ಸ್ಪೆಷಲ್-ಕಂಟ್ರೋಲ್-ಕೆ’ ಕೂಡ ಹಾಕಿಕೊಳ್ಳಿ. ಶೀರ್ಷಿಕೆಯ ನಡುವಿಂದ ಅಳಿಸಿದರೂ ಟ್ಯಾಗ್ ಉಳಿಯುತ್ತದೆ. ಆದರೆ ಸಾಲಿನ ಆರಂಭದಲ್ಲಿ ನಿಂತು ಕಂಟ್ರೋಲ್-ಕೆ ಒತ್ತಿದರೆ ಆ ಹೆಡಿಂಗ್‌ನ ಕೆಳಗೆ ಮಡಚಿಟ್ಟ ಒಳಭಾಗವೂ ಅಳಿಸಿಹೋಗುತ್ತದೆ. ಹಾಗಾಗಿ ‘ಆರ್ಗ್-ಕಂಟ್ರೋಲ್-ಕೆ-ಪ್ರೊಟೆಕ್ಟ್-ಸಬ್‌ಟ್ರೀ’ಯನ್ನೂ ‘ಟಿ’ ಮಾಡಿ. ಆಗ ಅಳಿಸುವ ಮುನ್ನ ಅದು ಕೇಳುತ್ತದೆ.