ಪಿಕಪ್‌ಗೆ ಮನೆಯಲ್ಲೇ ಹಾಕಿದ ಹ್ಯಾಂಡ್‌ಬ್ರೇಕ್ ಕೇಬಲ್: ಹದಿನಾರು ತಿಂಗಳ ಮೇಲೆ

ಬೆಂಗಳೂರಿನ ಹನುಮಂತನಗರದಲ್ಲಿ ಗಾಡಿ ಇಟ್ಟುಕೊಂಡವರಿಗೆ ಹ್ಯಾಂಡ್‌ಬ್ರೇಕಿನ ಬೆಲೆ ಗೊತ್ತು. ಒಂದು ಅಡ್ಡರಸ್ತೆ ಸಮ ಇದ್ದರೆ ಮುಂದಿನದು ಇಳಿಜಾರು. ನನ್ನದು ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಪಾತ್ರೆ, ಮೇಜು, ಕುರ್ಚಿ ಬಾಡಿಗೆಗೆ ಕೊಡುವ ಕೆಲಸ. ಕೊಳದಪ್ಪಲೆ, ಕಡಾಯಿ, ಗ್ಯಾಸ್ ಒಲೆಗಳನ್ನು ತುಂಬಿಕೊಂಡು ಹೋಗಿ ಇಳಿಜಾರಿನಲ್ಲಿ ನಿಲ್ಲಿಸಿ ಇಳಿಸುವಾಗ ಹುಡುಗರು ಗಾಡಿಯ ಹಿಂದೆಯೇ ನಿಂತಿರುತ್ತಾರೆ. ಅಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಒಂದು ತಂತಿ. ಆ ತಂತಿಯ ಬಗ್ಗೆಯೇ ಇದನ್ನು ಬರೆಯುತ್ತಿದ್ದೇನೆ. ನಾನು ಹಾಕಿದ್ದು ಎರಡು ಸಲ. ಮೊದಲನೆಯದು ಒಂದು ವರ್ಷ ಕೂಡ ಬಾಳಲಿಲ್ಲ. ಎರಡನೆಯದಕ್ಕೆ ಈಗ ಹದಿನಾರು ತಿಂಗಳು, 22,000 ಕಿ.ಮೀ. ದಾಟಿದೆ.

ಶುರುವಾಗಿದ್ದು 2023ರಲ್ಲಿ. ಆಷಾಢದಲ್ಲಿ ನಮಗೆ ಕೆಲಸ ಇರುವುದಿಲ್ಲ. ಆ ವರ್ಷ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂತು, ಜುಲೈ 18ರಿಂದ ಆಗಸ್ಟ್ 16ರವರೆಗೆ. ಅಧಿಕ ಮಾಸದಲ್ಲೂ ಮದುವೆ ಇಲ್ಲ. ಹಾಗಾಗಿ ಹೆಚ್ಚುಕಡಿಮೆ ಎರಡು ತಿಂಗಳು ಗಾಡಿ ಅಲ್ಲಾಡಲಿಲ್ಲ. ನಿಲ್ಲಿಸುವ ಮೊದಲು ವಾಟರ್ ವಾಶ್ ಮಾಡಿಸಿದ್ದೆ. ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ಮಿನೊಳಗೆ ನೀರು ಇರುವಾಗಲೇ ತಂದು ಮನೆ ಮುಂದೆ ಬಿಟ್ಟು, ಹ್ಯಾಂಡ್‌ಬ್ರೇಕ್ ಲಿವರ್ ಮೇಲೆಳೆದು, ಬೀಗದ ಕೈ ಮೊಳೆಗೆ ತಗುಲಿಹಾಕಿದೆ. ತಪ್ಪು ಆಗಿದ್ದು ಅಲ್ಲೇ. ಡ್ರಮ್ ಎರಕದ ಕಬ್ಬಿಣ. ಒದ್ದೆ ಇರುವಾಗ ಲೈನರ್ (ಡ್ರಮ್ಮನ್ನು ಒಳಗಿನಿಂದ ಒತ್ತುವ ಕಮಾನಿನಂಥ ಬ್ರೇಕ್ ಶೂ ಮೇಲಿನ ಪಟ್ಟಿ) ಅದನ್ನು ಒತ್ತಿಕೊಂಡೇ ಕೂತರೆ ನಡುವೆ ತುಕ್ಕು ಬೆಳೆದು ಎರಡನ್ನೂ ಅಂಟಿಸಿಬಿಡುತ್ತದೆ.

ಆಗಸ್ಟ್ 25ರ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಒಂದು ಆರ್ಡರ್ ಬಂತು. ಲಿವರ್ ಇಳಿಸಿದೆ, ಗೇರ್ ಹಾಕಿ ಕ್ಲಚ್ ಬಿಟ್ಟೆ. ಎಡಗಡೆಯ ಹಿಂದಿನ ಚಕ್ರ ‘ಟಪ್’ ಎಂದು ಬಿಟ್ಟುಕೊಂಡಿತು, ಬಲಗಡೆಯದು ತಿರುಗದೆ ರಸ್ತೆಯನ್ನು ಉಜ್ಜಿಕೊಂಡು ಬಂತು. ಇನ್ನೊಮ್ಮೆ ಎಕ್ಸಲೇಟರ್ ಕೊಟ್ಟೆ, ಕ್ಲಚ್ ಸುಟ್ಟ ವಾಸನೆ. ಅಲ್ಲಿಗೆ ನಿಲ್ಲಿಸಿದ್ದು ಒಳ್ಳೆಯದಾಯಿತು. ಹಾಗೆ ಬಲವಂತ ಮಾಡಿದರೆ ಲೈನರ್ ಶೂನಿಂದಲೇ ಕಿತ್ತು ಬರುವುದುಂಟು.

ಅಪ್ಪ ಲಾರಿ ಓಡಿಸುತ್ತಿದ್ದವರು. ಡ್ರಮ್ ಬಿಚ್ಚುವುದನ್ನು ಚಿಕ್ಕಂದಿನಿಂದ ನೋಡಿದ್ದೆ, ಕೈ ಹಾಕಿದ್ದು ಅವತ್ತೇ ಮೊದಲು. ಜೊತೆಗೆ ತಂಗಿಯ ಮಗ ಇದ್ದ.

ಜಾಕಿ ಹಾಕುವ ಮೊದಲು ಒಂದು ಮಾತು, ಇದನ್ನು ಎಷ್ಟೋ ಜನ ಗಮನಿಸುವುದಿಲ್ಲ. ಹಿಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಗಾಡಿಯಲ್ಲಿ ಫಸ್ಟ್ ಗೇರ್ ಹಾಕಿದ್ದೇನೆ, ಗಾಡಿ ಹೋಗಲ್ಲ ಅಂತ ನಂಬಬಾರದು. ಹಿಂದಿನ ಒಂದು ಚಕ್ರವನ್ನು ನೆಲದಿಂದ ಎತ್ತಿ ಬ್ರೇಕ್ ಸಡಿಲಿಸಿದ ಕೂಡಲೇ ಎರಡು ಚಕ್ರಗಳು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಎತ್ತಿದ ಚಕ್ರ ಗಾಳಿಯಲ್ಲಿ ಸುತ್ತುತ್ತದೆ, ನೆಲದ ಮೇಲಿನದು ಉರುಳುತ್ತದೆ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಲೇಬೇಕು. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟೆ. ಬರೀ ಜಾಕಿ ನಂಬಿಕೊಂಡು ಗಾಡಿಯ ಕೆಳಗೆ ತಲೆ ಹಾಕಬೇಡಿ.

ಸಿಕ್ಕಿಕೊಂಡಿರುವುದು ಕೇಬಲ್ಲೋ ಡ್ರಮ್ಮೋ ಅಂತ ಮೊದಲು ಪತ್ತೆ ಮಾಡಬೇಕು. ಲಿವರ್‌ನಿಂದ ಬರುವ ಮುಂದಿನ ಕೇಬಲ್ ಗಾಡಿಯ ಹೊಟ್ಟೆಯ ಕೆಳಗೆ ಎಳೆತವನ್ನು ಎರಡೂ ಕಡೆಗೆ ಸಮ ಹಂಚುವ ಒಂದು ಈಕ್ವಲೈಸರ್‌ಗೆ ಸೇರುತ್ತದೆ, ಅಲ್ಲಿಂದ ಎರಡು ಕವಲಾಗಿ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಹುಡುಗನನ್ನು ಸೀಟಿನಲ್ಲಿ ಕೂರಿಸಿ ಲಿವರ್ ಎಳೆದು ಬಿಡಲು ಹೇಳಿ, ನಾನು ಪಕ್ಕದಿಂದ ಟಾರ್ಚ್ ಹಿಡಿದು ನೋಡಿದೆ. ಆಮೇಲೆ ಜಾಗ ಬದಲಾಯಿಸಿಕೊಂಡೆವು. ನನಗೆ ಕಾಣದ್ದು ಅವನಿಗೆ ಕಂಡಿತು. “ಮಾವ, ಎಡಗಡೆ ತಂತಿ ಹಿಂದಕ್ಕೆ ಹೋಗ್ತಿದೆ, ಬಲಗಡೇದು ಎಳೆದಂಗೇ ನಿಂತಿದೆ ನೋಡಿ.” ಈಕ್ವಲೈಸರ್ ನಟ್ ಪೂರ್ತಿ ಸಡಿಲಿಸಿದರೂ ಬಲಗಡೆಯ ತಂತಿ ಬಿಗಿಯಾಗಿಯೇ ಇತ್ತು. ಅದನ್ನು ಕೊಕ್ಕೆಯಿಂದ ಬಿಡಿಸಿದ ಮೇಲೂ ಚಕ್ರ ತಿರುಗಲಿಲ್ಲ. ಅಂದರೆ ಕೇಬಲ್ಲೂ ಹೋಗಿತ್ತು, ಶೂ ಕೂಡ ಅಂಟಿತ್ತು.

ಡ್ರಮ್ ಬಿಚ್ಚುವುದೇ ದೊಡ್ಡ ಕೆಲಸ. ಹಿಂಭಾಗದ ಪ್ಲೇಟಿನಲ್ಲಿ ಒಂದು ರಬ್ಬರ್ ಮುಚ್ಚಳ ಇರುತ್ತದೆ, ಅದನ್ನು ತೆಗೆದು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಅಡ್ಜಸ್ಟರ್‌ನ ಹಲ್ಲುಚಕ್ರವನ್ನು ಹಿಂದಕ್ಕೆ ತಿರುಗಿಸಿ ಶೂಗಳನ್ನು ಒಳಕ್ಕೆ ತಂದುಕೊಳ್ಳಬೇಕು. ಆಮೇಲೆ ಡ್ರಮ್ಮಿನ ನಡುಭಾಗ ಹಬ್ಬಿಗೆ ಕೂರುವ ಸುತ್ತಿನಲ್ಲಿ, ಚಕ್ರದ ನಟ್ಟು ಕೂರುವ ಸ್ಟಡ್‌ಗಳ ಬುಡದಲ್ಲಿ, ತುಕ್ಕು ಬಿಡಿಸುವ ಎಣ್ಣೆ ಹನಿಸಿ ರಾತ್ರಿಯಿಡೀ ಬಿಟ್ಟೆ. ಲೈನರ್ ಕಡೆಗೆ ಎಣ್ಣೆ ಹೋಗದಂತೆ ಬಟ್ಟೆ ಹಿಡಿಯಬೇಕು. ಬೆಳಿಗ್ಗೆ ಡ್ರಮ್ಮಿನ ಮುಖದಲ್ಲಿರುವ ಎರಡು ಮರೆ (ತಿರುಪು ಕೊರೆದ) ತೂತುಗಳಿಗೆ ಬೋಲ್ಟ್ ಹಾಕಿ, ಇದಕ್ಕೆ ಕಾಲು ಸುತ್ತು, ಅದಕ್ಕೆ ಕಾಲು ಸುತ್ತು ಅಂತ ಬಿಗಿಸುತ್ತಾ, ನಡುನಡುವೆ ಸ್ಟಡ್‌ಗಳ ಮಧ್ಯದ ಜಾಗಕ್ಕೆ ಸುತ್ತಿಗೆಯಿಂದ ಬಡಿಯುತ್ತಾ ಹೋದೆವು. ಅಂಚಿಗೆ ಹೊಡೆದರೆ ಎರಕ ಸೀಳುತ್ತದೆ. ಮುಕ್ಕಾಲು ಗಂಟೆಯ ಮೇಲೆ ‘ಡಬ್’ ಎಂದಿತು. ಒಳಗೆ ಶೂನ ಆಕಾರದಲ್ಲೇ ತುಕ್ಕಿನ ಅಚ್ಚು ಮೂಡಿತ್ತು.

ಆ ಧೂಳನ್ನು ಬಾಯಿಂದ ಊದಬೇಡಿ, ಏರ್ ಹಿಡಿಯಬೇಡಿ. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಮಾಸ್ಕ್ ಹಾಕಿಕೊಂಡು, ಬ್ರೇಕ್ ಕ್ಲೀನರ್‌ನಿಂದ ಒದ್ದೆ ಮಾಡಿ ಒರೆಸಿ. ಒಂದು ಕಡೆ ಪೂರ್ತಿ ಜೋಡಿಸುವವರೆಗೆ ಇನ್ನೊಂದು ಕಡೆಯನ್ನು ಮುಟ್ಟಬೇಡಿ. ಸ್ಪ್ರಿಂಗ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡಿಕೊಳ್ಳಲು ಅದೇ ಮಾದರಿ. ಪೆಡಲ್ ಒತ್ತಿದಾಗ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಟೋಪಿ ಎತ್ತಿ ನೋಡಿ, ಒಳಗೆ ಆಯಿಲ್ ಒಸರಿದ್ದರೆ ಅದನ್ನೂ ಬದಲಾಯಿಸಿ. ನನ್ನದರಲ್ಲಿ ಒಣಗಿತ್ತು. ಡ್ರಮ್ಮಿನ ಮೇಲೆಯೇ ಗರಿಷ್ಠ ಒಳವ್ಯಾಸ ಎಷ್ಟು ಎಂದು ಎರಕ ಹೊಯ್ದಿರುತ್ತಾರೆ, ಸವೆದು ಅದನ್ನು ಮೀರಿದ್ದರೆ ಡ್ರಮ್ ಬಿಸಾಡಬೇಕು.

ಈಗ ಕೇಬಲ್ಲಿನ ವಿಷಯ. ಅವಸರದಲ್ಲಿ ಹತ್ತಿರದ ಅಂಗಡಿಯಲ್ಲಿ ಸಿಕ್ಕ ಕೇಬಲ್ ತಂದೆ, ಒಂದಕ್ಕೆ 450 ರೂಪಾಯಿ. ಹೆಸರು ಬೇಡ. ಹಾಕಿದಾಗ ಲಿವರನ್ನು ಏಳು ಹಲ್ಲು, ಅಂದರೆ ಏಳು ‘ಟಿಕ್’ ಎಳೆದರೆ ಗಾಡಿ ಗಟ್ಟಿಯಾಗಿ ನಿಲ್ಲುತ್ತಿತ್ತು. ಮೂರು ತಿಂಗಳಿಗೆ ಅದು ಹತ್ತು ಹಲ್ಲಾಯಿತು. ನಟ್ ಬಿಗಿಸಿದೆ, ಮತ್ತೆ ಸಡಿಲ. 2024ರ ಆಷಾಢದಲ್ಲಿ ಬಿಚ್ಚಿ ನೋಡಿದಾಗ ಡ್ರಮ್ಮಿನ ಹತ್ತಿರ ಕೇಬಲ್ ಬಾಗುವ ಕಡೆ ಒಳಗೆ ನೀರು ಹೋಗದಂತೆ ತಡೆಯುವ ರಬ್ಬರ್ ಬೂಟ್ ಸೀಳಿತ್ತು. ಗ್ರೈಂಡರ್‌ನಲ್ಲಿ ಕತ್ತರಿಸಿ ನೋಡಿದೆ. ಕಬ್ಬಿಣದ ಸುರುಳಿಯೊಳಗೆ ಬರಿಯ ತಂತಿ, ನಡುವೆ ಏನೂ ಇಲ್ಲ. ಒಳಗೆಲ್ಲ ಕೆಂಪು ಪುಡಿ. ಹುಡುಗರು ಆ ಗಾಡಿಯ ಹಿಂದೆ ನಿಂತು ಪಾತ್ರೆ ಇಳಿಸುತ್ತಿದ್ದರಲ್ಲ ಅಂತ ನೆನೆದು ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಎರಡನೆಯದನ್ನು ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿ ತಿರುಗಿ ತಂದೆ. ಜೊತೆಗೆ ಹಳೆಯದನ್ನು ಒಯ್ದು ಉದ್ದ ಅಳೆದು ನೋಡಿದೆ, ಎಡ ಬಲ ಬೇರೆ ಬೇರೆ ಉದ್ದ ಇರುತ್ತದೆ. ಒಂದಕ್ಕೆ 1,150 ರೂಪಾಯಿ. ತುದಿಯಲ್ಲಿ ತಂತಿ ಹಿಡಿದು ಎಳೆದು ನೋಡಿದಾಗಲೇ ವ್ಯತ್ಯಾಸ ಕೈಗೆ ಗೊತ್ತಾಯಿತು: ಬೆಣ್ಣೆಯಂತೆ ಜಾರುತ್ತದೆ, ಏಕೆಂದರೆ ಒಳಗೆ ಪ್ಲಾಸ್ಟಿಕ್ ಕೊಳವೆಯ ಲೈನಿಂಗ್ ಇದೆ. ರಬ್ಬರ್ ಬೂಟ್ ದಪ್ಪ, ಬೆರಳಲ್ಲಿ ಮಡಚಿದರೆ ಬಿರುಕು ಕಾಣಲ್ಲ. ಕೇಬಲ್ ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರಿಗಿಂತ ಮೊದಲು ಈ ಎರಡನ್ನು ನೋಡಿ.

ಹಾಕುವಾಗ ಹೊಸ ಲೈನರ್ ಕೂಡ ಹಾಕಿದೆ. ಹಿಂಭಾಗದ ಪ್ಲೇಟಿನ ಮೇಲೆ ಶೂನ ಅಂಚು ಉಜ್ಜುವ ಆರು ಜಾಗಗಳಿಗೆ ಮತ್ತು ಒಳಗಿನ ಲಿವರ್‌ನ ಪಿನ್ನಿಗೆ ಹೆಚ್ಚು ಶಾಖ ತಡೆಯುವ ಬ್ರೇಕ್ ಗ್ರೀಸ್, ತೆಳ್ಳಗೆ. ಇನ್ನೊಂದು ಮುಖ್ಯ ವಿಷಯ: ಮೊದಲು ಡ್ರಮ್ಮಿನೊಳಗಿನ ಅಡ್ಜಸ್ಟರ್ ಸರಿಮಾಡಿ, ಚಕ್ರ ತಿರುಗಿಸಿದಾಗ ಸಣ್ಣಗೆ ‘ಸರ್’ ಅನ್ನಬೇಕು. ಕೇಬಲ್ ಬಿಗಿಸುವುದು ಆಮೇಲೆ. ಶೂ ಸಡಿಲ ಇರುವಾಗ ಬರೀ ಕೇಬಲ್ ಬಿಗಿಸಿ ಮುಚ್ಚಿಹಾಕುವುದನ್ನು ಎಷ್ಟೋ ಕಡೆ ಮಾಡುತ್ತಾರೆ, ಲೈನರ್ ಸದಾ ಉಜ್ಜಿಕೊಂಡು ಡ್ರಮ್ ಕಾಯುವುದಕ್ಕೆ ಅದೂ ಕಾರಣ. ಮುಗಿದ ಮೇಲೆ ಐದು ಕಿ.ಮೀ. ಓಡಿಸಿ ಎರಡೂ ಹಬ್ಬುಗಳ ಹತ್ತಿರ ಅಂಗೈಯ ಹಿಂಭಾಗ ಹಿಡಿದು ನೋಡಿದೆ, ಶಾಖ ಸಮ ಇತ್ತು.

ಹದಿನಾರು ತಿಂಗಳಲ್ಲಿ 2024ರ ಅಕ್ಟೋಬರ್ ಮಳೆ, 2025ರ ಮೇ ಮಳೆ ಎರಡನ್ನೂ ಇದು ಕಂಡಿದೆ. ಏಳು ಹಲ್ಲು ಇದ್ದದ್ದು ಈಗ ಎಂಟು, ಅಷ್ಟೇ. ಒಂದು ಸಲ ಮಾತ್ರ ನಟ್ ಮುಟ್ಟಿದ್ದೇನೆ. ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಕೂಡ ಬ್ರೇಕ್ ವಿಷಯದಲ್ಲಿ ತಕರಾರಿಲ್ಲದೆ ಆಯಿತು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಅದು ಪ್ರತಿವರ್ಷ ಬೇಕು. ದೂರು ಒಂದೇ. ಜೊತೆಗೆ ಕೊಟ್ಟ ಕ್ಲಿಪ್ ತೆಳು, ಬ್ರಾಕೆಟ್‌ನಲ್ಲಿ ಅಲುಗಾಡುತ್ತಿತ್ತು. ಹಳೆಯ ಕ್ಲಿಪ್ ಉಜ್ಜಿ ಅದನ್ನೇ ಹಾಕಿದೆ. ಆ ದುಡ್ಡಿಗೆ ಕ್ಲಿಪ್ ಸರಿಯಾಗಿ ಕೊಡಬೇಕಿತ್ತು. ಅದಕ್ಕಾಗಿ ಐದಕ್ಕೆ ನಾಲ್ಕೂವರೆ.

ಕೇಬಲ್ ಒಂದೇ ಎಲ್ಲವನ್ನೂ ಮಾಡಿತು ಅನ್ನಲಾರೆ, ನನ್ನ ಅಭ್ಯಾಸವೂ ಬದಲಾಗಿದೆ. ಕೆಲಸದ ದಿನಗಳಲ್ಲಿ ನಿಲ್ಲಿಸಿದಾಗಲೆಲ್ಲ ಹ್ಯಾಂಡ್‌ಬ್ರೇಕ್ ಎಳೆಯುತ್ತೇನೆ, ಆಡುತ್ತಿದ್ದರೇ ತಂತಿ ಚೆನ್ನಾಗಿರುತ್ತದೆ. ತೊಳೆದ ಮೇಲೆ ಒಂದೆರಡು ಕಿ.ಮೀ. ಓಡಿಸಿ, ಮೆಲ್ಲಗೆ ಬ್ರೇಕ್ ಒತ್ತಿ ಡ್ರಮ್ ಒಣಗಿಸುತ್ತೇನೆ. ಈಗ ಧನುರ್ಮಾಸ, ಸಂಕ್ರಾಂತಿವರೆಗೆ ನಮಗೆ ಮದುವೆ ಆರ್ಡರ್ ಇಲ್ಲ. ಗಾಡಿ ಮನೆ ಮುಂದಿನ ಸಮ ಜಾಗದಲ್ಲಿ ಫಸ್ಟ್ ಗೇರಿನಲ್ಲಿ ನಿಂತಿದೆ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟಿದ್ದೇನೆ, ಲಿವರ್ ಕೆಳಗಿದೆ. ವಾರಕ್ಕೊಮ್ಮೆ ಹುಡುಗ ಬಂದು ಸ್ಟಾರ್ಟ್ ಮಾಡಿ ಒಂದು ಸುತ್ತು ಹಾಕಿಕೊಂಡು ಬರುತ್ತಾನೆ.