ಬ್ಲೀಚ್‌ಬಿಟ್: ಅಳಿಸುವ ಮೊದಲು ಪಟ್ಟಿ ತೋರಿಸುವ ತಂತ್ರಾಂಶ

ಒಂದು ಫೈಲ್ ಅಳಿಸಿ ರೀಸೈಕಲ್ ಬಿನ್ ಖಾಲಿ ಮಾಡಿದರೂ ಅದರ ಜಾಡು ಕಂಪ್ಯೂಟರಿನಲ್ಲಿ ನಾಲ್ಕಾರು ಕಡೆ ಉಳಿದಿರುತ್ತದೆ. ವಿಎಲ್‌ಸಿಯ ಇತ್ತೀಚಿನ ಪಟ್ಟಿಯಲ್ಲಿ ವಿಡಿಯೊದ ಹೆಸರಿರುತ್ತದೆ, ಲಿಬ್ರೆ ಆಫೀಸಿನ ಪಟ್ಟಿಯಲ್ಲಿ ಪತ್ರದ ಹೆಸರಿರುತ್ತದೆ. ಫೋಟೊ ಹೋದರೂ ಅದರ ಥಂಬ್‌ನೇಲ್ (ಪುಟ್ಟ ನಕಲು ಚಿತ್ರ) ಬೇರೆ ಫೋಲ್ಡರಿನಲ್ಲಿ ಕೂತಿರುತ್ತದೆ. ಈ ಚೂರುಗಳನ್ನೆಲ್ಲ ಹುಡುಕಿ ತೆಗೆಯಲು ಇರುವ ಸಾಧನಗಳಲ್ಲಿ ನಾವು ಮೊದಲು ಸೂಚಿಸುವುದು ಬ್ಲೀಚ್‌ಬಿಟ್. 2008ರಲ್ಲಿ ಲಿನಕ್ಸ್‌ಗೆಂದು ಬಂದು ಆಮೇಲೆ ವಿಂಡೋಸಿಗೂ ಹರಡಿದ ಈ ತಂತ್ರಾಂಶ ಉಚಿತ, ಜಾಹೀರಾತಿಲ್ಲ, ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. 2017ರಲ್ಲಿ ಇಂಥದ್ದೇ ಇನ್ನೊಂದು ಸಾಧನವಾದ ಸಿಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ಮಾಲ್‌ವೇರ್ ನುಸುಳಿ, ಅದರ ಅಧಿಕೃತ ತಾಣದಿಂದಲೇ ಬಳಕೆದಾರರನ್ನು ತಲುಪಿತ್ತು. ಅಧಿಕೃತ ತಾಣವೂ ಪೂರ್ತಿ ಖಾತರಿಯಲ್ಲ, ಆದರೂ ಅಪಾಯ ಕಡಿಮೆ ಮಾಡಲು ಬ್ಲೀಚ್‌ಬಿಟ್ಟನ್ನು ಅದರ ಅಧಿಕೃತ ತಾಣದಿಂದ ಅಥವಾ ಲಿನಕ್ಸ್ ವಿತರಣೆಯ ಭಂಡಾರದಿಂದ ಮಾತ್ರ ಇಳಿಸಿಕೊಳ್ಳಬೇಕು.

ಇದರ ನಿಜವಾದ ಬೆಲೆ ಇರುವುದು ‘ಪ್ರಿವ್ಯೂ’ ಗುಂಡಿಯಲ್ಲಿ. ಎಡಗಡೆ ತಂತ್ರಾಂಶಗಳ ಹೆಸರು, ಒಂದೊಂದರ ಕೆಳಗೆ ಕ್ಯಾಶ್, ಕುಕಿ, ಹಿಸ್ಟರಿ ಎಂದು ಟಿಕ್ ಮಾಡುವ ಚೌಕಗಳು. ಬೇಕಾದ್ದನ್ನು ಆರಿಸಿ ಪ್ರಿವ್ಯೂ ಒತ್ತಿದರೆ ಯಾವ ಫೈಲ್ ಹೋಗುತ್ತದೆ, ಅದು ಎಲ್ಲಿದೆ, ಎಷ್ಟು ದೊಡ್ಡದು ಎಂಬುದೆಲ್ಲ ಸಾಲುಸಾಲಾಗಿ ಬರುತ್ತದೆ, ಏನೂ ಅಳಿಯುವುದಿಲ್ಲ. ಈ ಪಟ್ಟಿ ಓದದೆ ‘ಕ್ಲೀನ್’ ಒತ್ತಬೇಡಿ. ಅಳಿದದ್ದನ್ನು ಮರಳಿ ತರುವ ದಾರಿ ಇದರಲ್ಲಿಲ್ಲ. ಯಾವತ್ತೂ ಮುಟ್ಟಬಾರದ ಫೋಲ್ಡರುಗಳಿದ್ದರೆ ಪ್ರಿಫರೆನ್ಸಸ್‌ನ ವೈಟ್‌ಲಿಸ್ಟಿಗೆ ಮೊದಲೇ ಸೇರಿಸಿಡಿ.

ಬ್ರೌಸರಿನ ಹೊತ್ತಿಗೇ ಹೆಚ್ಚಿನ ಎಡವಟ್ಟು ಆಗುವುದು. ಕ್ರೋಮ್ ಮುಚ್ಚಿದ ಮೇಲೂ ‘ಕ್ರೋಮ್ ಇನ್ನೂ ಓಡುತ್ತಿದೆ’ ಎಂಬ ಎಚ್ಚರಿಕೆ ಬಂದರೆ, ಅದು ಹಿನ್ನೆಲೆಯಲ್ಲಿ ಬದುಕಿದೆ ಎಂದರ್ಥ. ಟಾಸ್ಕ್ ಮ್ಯಾನೇಜರಿನಲ್ಲಿ ನಿಲ್ಲಿಸಿ ಮತ್ತೆ ಪ್ರಯತ್ನಿಸಿ. ಕುಕಿ ಅಳಿಸಿದರೆ ತಾಣಗಳಿಂದ ಲಾಗೌಟ್ ಆಗುತ್ತೀರಿ, ಸೆಷನ್ ಅಳಿಸಿದರೆ ಹಿಂದೆ ತೆರೆದಿದ್ದ ಟ್ಯಾಬುಗಳು ಮರಳಿ ಬರುವುದಿಲ್ಲ. ‘ಪಾಸ್‌ವರ್ಡ್ಸ್’ ಚೌಕವನ್ನು ಮಾತ್ರ, ಪಾಸ್‌ವರ್ಡುಗಳ ಇನ್ನೊಂದು ಪ್ರತಿ ಬೇರೆಡೆ ಇದ್ದ ಹೊರತು ಟಿಕ್ ಮಾಡಬೇಡಿ. ಸಿಂಕ್ (ಬ್ರೌಸರಿನ ಮಾಹಿತಿಯನ್ನು ಖಾತೆಯ ಮೂಲಕ ಸರ್ವರಿನಲ್ಲೂ ಇಡುವ ಸೌಲಭ್ಯ) ಚಾಲೂ ಇದ್ದವರು ಇನ್ನೊಂದು ಗಮನಿಸಬೇಕು: ಬ್ಲೀಚ್‌ಬಿಟ್ ಒರೆಸುವುದು ಈ ಯಂತ್ರದಲ್ಲಿರುವುದನ್ನು ಮಾತ್ರ, ಸರ್ವರಿನಲ್ಲಿರುವ ಹಿಸ್ಟರಿಯನ್ನು ಆ ಖಾತೆಯೊಳಗೇ ಹೋಗಿ ಅಳಿಸಬೇಕು.

‘ವ್ಯಾಕ್ಯೂಮ್’ ಎಂಬ ಆಯ್ಕೆಯನ್ನು ಬಹಳ ಮಂದಿ ಜಾಗ ಉಳಿಸಲಷ್ಟೇ ಎಂದುಕೊಂಡಿದ್ದಾರೆ. ಫೈರ್‌ಫಾಕ್ಸ್, ಕ್ರೋಮ್ ಎರಡೂ ಹಿಸ್ಟರಿಯನ್ನು ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಇಡುತ್ತವೆ. ಇಂಥ ಡೇಟಾಬೇಸಿನಲ್ಲಿ ಒಂದು ಸಾಲು ಅಳಿಸಿದಾಗ ಆ ಜಾಗ ಖಾಲಿ ಎಂದು ಗುರುತಾಗುತ್ತದೆ, ಫೈಲ್ ಕುಗ್ಗುವುದಿಲ್ಲ. ಸುರಕ್ಷಿತ ಅಳಿಸುವಿಕೆಯ ಸೆಟ್ಟಿಂಗ್ ಇಲ್ಲದಿದ್ದರೆ ಹಳೆಯ ಅಕ್ಷರಗಳೂ ಹಾಗೇ ಉಳಿದಿರುತ್ತವೆ. ವ್ಯಾಕ್ಯೂಮ್ ಇಡೀ ಡೇಟಾಬೇಸನ್ನು ಹೊಸದಾಗಿ ಕಟ್ಟುತ್ತದೆ, ಆ ಪಳೆಯುಳಿಕೆ ಹೋಗುತ್ತದೆ. ನಿಮಗೆ ಬೇಕಾದ ಯಾವ ಮಾಹಿತಿಯೂ ಇದರಿಂದ ಅಳಿಯುವುದಿಲ್ಲವಾದ್ದರಿಂದ ಧೈರ್ಯವಾಗಿ ಬಳಸಬಹುದು.

ಎದೆ ಝಲ್ಲೆನಿಸುವ ಚೌಕ ಇರುವುದು ‘ಡೀಪ್ ಸ್ಕ್ಯಾನ್’ ಗುಂಪಿನಲ್ಲಿ. ಅಲ್ಲಿನ ‘ಬ್ಯಾಕಪ್ ಫೈಲ್ಸ್’ ಆರಿಸಿದರೆ ನಿಮ್ಮ ಹೋಮ್ ಫೋಲ್ಡರನ್ನೆಲ್ಲ ಜಾಲಾಡಿ, ಹೆಸರಿನ ಕೊನೆಯಲ್ಲಿ ‘ಬಿಎಕೆ’ ಇರುವ ಫೈಲುಗಳನ್ನು ತೆಗೆಯುತ್ತದೆ. ಲೆಕ್ಕಪತ್ರದ ತಂತ್ರಾಂಶದಲ್ಲೋ ಡೇಟಾಬೇಸಿನಲ್ಲೋ ತೆಗೆದಿಟ್ಟ ಅಸಲಿ ಬ್ಯಾಕಪ್ಪಿಗೂ ಅದೇ ಬಾಲ ಇರಬಹುದು! ತಂತ್ರಾಂಶಕ್ಕೆ ಎರಡರ ವ್ಯತ್ಯಾಸ ತಿಳಿಯದು.

ಇನ್ನು ಅಳಿಸಿದ್ದನ್ನು ಯಾರೂ ಮರಳಿ ಪಡೆಯದಂತೆ ಮಾಡುವ ವಿಚಾರ. ಪ್ರಿಫರೆನ್ಸಸ್‌ನಲ್ಲಿ ಫೈಲಿನ ಮೇಲೆ ಬೇರೆ ಡೇಟಾ ಬರೆದು ಆಮೇಲೆ ಅಳಿಸುವ ಆಯ್ಕೆಯಿದೆ. ಬರೆಯುವುದು ಒಂದೇ ಸಲ. ಈಗಿನ ತಿರುಗುವ ಹಾರ್ಡ್ ಡಿಸ್ಕಿಗೆ ಅಷ್ಟು ಸಾಕು. 35 ಸಲ ಬರೆಯುವ ವಿಧಾನ ಹಳೆಯ ಕಾಲದ ಡಿಸ್ಕುಗಳಿಗೆಂದು ರೂಪಿಸಿದ್ದು. ತಿರುಗುವ ಭಾಗವಿಲ್ಲದ, ಚಿಪ್ಪುಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಯಲ್ಲಿ ಮಾತ್ರ ಇದನ್ನು ನಂಬುವಂತಿಲ್ಲ. ಅದರ ಕಂಟ್ರೋಲರ್ ಸವೆತ ಹಂಚಲೆಂದು ಪ್ರತಿ ಬರಹವನ್ನೂ ಬೇರೆ ಕೋಶಕ್ಕೆ ಕಳಿಸುತ್ತದೆ, ಹಳೆಯದು ಹಳೆಯ ಜಾಗದಲ್ಲೇ ಇರಬಹುದು. ಲಿನಕ್ಸಿನ ಬಿಟಿಆರ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಕೂಡ ಹೊಸ ಡೇಟಾವನ್ನು ಬೇರೆಡೆಗೇ ಬರೆಯುತ್ತದೆ. ವಿಂಡೋಸಿನ ರಿಸ್ಟೋರ್ ಪಾಯಿಂಟಿನಲ್ಲಿ ಹಳೆಯ ಪ್ರತಿ ಸಿಕ್ಕಿಕೊಂಡಿದ್ದರೆ ಅದೂ ಉಳಿಯುತ್ತದೆ. ಎಸ್‌ಎಸ್‌ಡಿ ಇರುವವರಿಗೆ ಸರಿಯಾದ ದಾರಿ, ಮೊದಲ ದಿನದಿಂದಲೇ ವಿಂಡೋಸಿನ ಬಿಟ್‌ಲಾಕರ್ ಅಥವಾ ಲಿನಕ್ಸಿನ ಲಕ್ಸ್ ಬಳಸಿ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವುದು, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಗೂಢಲಿಪಿಯಾಗಿಸುವುದು. ಡಿಸ್ಕ್ ಮಾರುವಾಗ ತಯಾರಕರು ಕೊಡುವ ಸೆಕ್ಯೂರ್ ಎರೇಸ್ ಬಳಸಬೇಕು.

ಖಾಲಿ ಜಾಗವನ್ನು ಒರೆಸುವ ‘ವೈಪ್ ಫ್ರೀ ಸ್ಪೇಸ್’ ಡಿಸ್ಕ್ ತುಂಬುವವರೆಗೂ ದೊಡ್ಡ ಫೈಲ್ ಬರೆದು ಕೊನೆಗೆ ಅದನ್ನು ಅಳಿಸುತ್ತದೆ. ಗಂಟೆಗಟ್ಟಲೆ ಹಿಡಿಯಬಹುದು. ಕೊನೆಯ ಹಂತದಲ್ಲಿ ಜಾಗವಿಲ್ಲದೆ ಬೇರೆ ತಂತ್ರಾಂಶಗಳು ತಡವರಿಸುತ್ತವೆ, ಆದ್ದರಿಂದ ಎಲ್ಲ ಮುಚ್ಚಿ ಶುರುಮಾಡಿ. ನಡುವೆ ಕರೆಂಟ್ ಹೋದರೆ ಆ ದೊಡ್ಡ ಫೈಲ್ ಉಳಿದು ಡಿಸ್ಕ್ ತುಂಬಿದಂತೆ ಕಾಣಬಹುದು. ಹುಡುಕಿ ಕೈಯಾರೆ ಅಳಿಸಿ. ಬೇಕಾದಂತೆ ಬೆಳೆಯುವ ವರ್ಚುವಲ್ ಡಿಸ್ಕಿನೊಳಗೆ ಇದನ್ನು ಓಡಿಸಿದರೆ ಅದು ತನ್ನ ಪೂರ್ತಿ ಗಾತ್ರಕ್ಕೆ ಊದಿಕೊಳ್ಳುತ್ತದೆ.

ಲಿನಕ್ಸಿನಲ್ಲಿ ಮೆನುವಿನೊಳಗೆ ಎರಡು ಐಕಾನ್ ಕಾಣುತ್ತವೆ, ಒಂದು ಸಾಮಾನ್ಯ, ಇನ್ನೊಂದು ರೂಟ್ (ಸಿಸ್ಟಂನ ಪೂರ್ತಿ ಅಧಿಕಾರವಿರುವ ನಿರ್ವಾಹಕ ಖಾತೆ). ರೂಟ್ ಆಗಿ ಓಡಿಸಿದರೆ ಸಿಸ್ಟಂನ ಫೈಲುಗಳೂ ರೂಟ್ ಖಾತೆಯ ಜಾಡೂ ಅಳಿಯುತ್ತವೆಯೇ ಹೊರತು ನಿಮ್ಮ ಬ್ರೌಸರ್ ಹಿಸ್ಟರಿ ಅಲ್ಲ. ಅದಕ್ಕೆ ಸಾಮಾನ್ಯ ಐಕಾನನ್ನೇ ತೆರೆಯಬೇಕು.