ಸೋಮನಾಥಪುರಕ್ಕೆ ಫೋಟೋ ಟ್ರಿಪ್: ಅಡ್ವಾನ್ಸ್ ಕೊಡುವ ಮುಂಚೆ ಓದಿ

ಹಳೇ ದೇವಸ್ಥಾನಗಳ ಕೆತ್ತನೆಯ ಫೋಟೋ ತೆಗೆಸುತ್ತೇವೆ ಅಂತ ಮೈಸೂರಿನಿಂದ ಭಾನುವಾರ ಟ್ರಿಪ್ ಮಾಡುವವರಿದ್ದಾರೆ. ಎಲ್ಲರೂ ಮೋಸಗಾರರಲ್ಲ. ಆದರೆ "ಟ್ರೈಪಾಡ್ ಪರ್ಮಿಷನ್ ನಮ್ಮ ಜವಾಬ್ದಾರಿ" (ಟ್ರೈಪಾಡ್ ಅಂದರೆ ಕ್ಯಾಮೆರಾ ಇಡುವ ಮೂರು ಕಾಲಿನ ಸ್ಟ್ಯಾಂಡ್) ಎಂದವರಿಗೆ ಅನುಮತಿ ಪತ್ರವನ್ನು ಕಣ್ಣಾರೆ ನೋಡುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಾನೂ ಇಂಥ ಒಂದು ಟ್ರಿಪ್‌ನಲ್ಲಿ ಸೋಮನಾಥಪುರದ ಕೇಶವ ದೇವಸ್ಥಾನಕ್ಕೆ ಹೋಗಿದ್ದೆ. ನಮ್ಮ ಆಯೋಜಕರು ವಾಟ್ಸಾಪ್‌ನಲ್ಲಿ ಎರಡು ಮಾತು ಕೊಟ್ಟಿದ್ದರು. ಸೂರ್ಯ ಹುಟ್ಟುವಾಗ ಹೊರಗೋಡೆಯ ಫೋಟೋ, ಆಮೇಲೆ ಒಳಗೆ ಟ್ರೈಪಾಡ್ ಇಟ್ಟು ಭುವನೇಶ್ವರಿಗಳ ಫೋಟೋ. ಭುವನೇಶ್ವರಿ ಅಂದರೆ ಚಾವಣಿಯ ಕೆತ್ತನೆ. ಇಲ್ಲಿ ಒಂದರಂತೆ ಇನ್ನೊಂದಿಲ್ಲ. ಕೆಲವುಗಳ ನಡುವಿನಿಂದ ಬಾಳೆಹೂವಿನಂತೆ ಕಲ್ಲಿನ ಮೊಗ್ಗು ಇಳಿಬಿದ್ದಿದೆ. ಒಳಗೆ ಕತ್ತಲೆ ಜಾಸ್ತಿ, ಕ್ಯಾಮೆರಾ ಅಲುಗಾಡಿದರೆ ಎಲ್ಲ ಮಸುಕು. ಟ್ರೈಪಾಡ್ ಆಸೆಗೇ ಜನ ದುಡ್ಡು ಕಟ್ಟುತ್ತಾರೆ.

ಬೆಳಗಿನ ಜಾವ ಹೋದರೆ ಗೇಟಿಗೆ ಬೀಗ. ಅಲ್ಲಿ ಬಾಗಿಲು ತೆಗೆಯುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಟ್ರಿಪ್ ಮಾಡುವವರಿಗೆ ಇದು ಗೊತ್ತಿರಬೇಕು ಅಲ್ವಾ? ಕೊನೆಗೆ ಒಳಗೆ ಹೊರಟಾಗ ಕಾವಲಿನವರು ಟ್ರೈಪಾಡ್ ನೋಡಿ ಪತ್ರ ಕೇಳಿದರು. "ಮೇಲಿನವರ ಹತ್ರ ಮಾತಾಡಿದ್ದೀನಿ ಸಾರ್" ಎಂದರು ಆಯೋಜಕರು. "ಪತ್ರ ಇದ್ರೆ ತೋರ್ಸಿ. ಇಲ್ಲಾಂದ್ರೆ ಸ್ಟ್ಯಾಂಡ್ ಹೊರಗೆ ಇಡಿ." ಕಾವಲಿನವರು ಮಾಡಿದ್ದೇ ಸರಿ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಾಗುತ್ತಿದ್ದೆ. ಮುಂದೆ ನಡೆದದ್ದು ನೋಡಿ ಹೊಟ್ಟೆ ಉರಿಯಿತು. ಅಲ್ಲಿನ ಕೆಲವು ಮೂರ್ತಿಗಳ ಪೀಠದ ಮೇಲೆ ಶಿಲ್ಪಿಗಳ ಹೆಸರಿದೆ. ಮಲ್ಲಿತಮ್ಮನ ಹೆಸರನ್ನು ಹೊಯ್ಸಳ ಶಿಲ್ಪ ಇಷ್ಟಪಡುವವರೆಲ್ಲ ಹುಡುಕುತ್ತಾರೆ. ಅಕ್ಷರ ಫೋಟೋದಲ್ಲಿ ಎದ್ದು ಕಾಣಲಿ ಅಂತ ಆಯೋಜಕರು ಜೇಬಿನಿಂದ ಸೀಮೆಸುಣ್ಣ ತೆಗೆದು ಕಲ್ಲಿಗೆ ಉಜ್ಜತೊಡಗಿದರು! ನಾನು ಕೈ ಹಿಡಿದು ತಡೆದೆ. "ನೀರು ಹಾಕಿದ್ರೆ ಹೋಗುತ್ತೆ ಬಿಡಿ" ಎಂದರು.

ಅದು ಬಳಪದ ಕಲ್ಲು. ಗಣಿಯಿಂದ ಬಂದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅಷ್ಟು ಸಣ್ಣ ಕೆತ್ತನೆ ಸಾಧ್ಯವಾಗಿದ್ದೇ ಅದರಿಂದ. ಅಂಥ ಗೆರೆಗಳನ್ನು ಉಜ್ಜಿದರೆ ಅಂಚು ಸವೆಯುತ್ತದೆ, ಪುಡಿ ಸಂದಿಯಲ್ಲಿ ಕೂರುತ್ತದೆ. 13ನೇ ಶತಮಾನದಿಂದ ಉಳಿದುಬಂದ ಅಕ್ಷರ ಅದು. ಬೇಲೂರು, ಹಳೇಬೀಡಿನ ಜೊತೆ ಈ ದೇವಸ್ಥಾನ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯ ಪ್ರಕಾರ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನಿಮ್ಮ ಗುಂಪಿನಲ್ಲಿ ಯಾರಾದರೂ ಸೀಮೆಸುಣ್ಣ, ಎಣ್ಣೆ, ನೀರು ಅಂತ ಹೊರಟರೆ ತಕ್ಷಣ ಕಾವಲಿನವರನ್ನು ಕರೆಯಿರಿ. ಸಂಕೋಚ ಬೇಡ.

ದುಡ್ಡು ವಾಪಸ್ ಕೇಳಿದ್ದಕ್ಕೆ "ದೇವಸ್ಥಾನ ತೋರಿಸಿದ್ದೀವಲ್ಲ" ಎಂಬ ಉತ್ತರ. ಆಮೇಲೆ ಫೋನೇ ಎತ್ತಲಿಲ್ಲ.

ಟ್ರೈಪಾಡ್‌ಗೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಲಿಖಿತ ಅನುಮತಿ ಬೇಕು. ಬಾಯಿಮಾತು ಗೇಟಿನಲ್ಲಿ ನಡೆಯಲ್ಲ. ಪತ್ರ ತೋರಿಸಿದರೂ ಸ್ಮಾರಕದ ಹೆಸರು, ತಾರೀಖು ಓದಿ ನೋಡಿ. ಬೇರೆ ಸ್ಮಾರಕದ ಪತ್ರ ಇಲ್ಲಿಗೆ ಉಪಯೋಗಕ್ಕೆ ಬರುವುದಿಲ್ಲ.

ನಿಜ ಹೇಳಬೇಕೆಂದರೆ ಟ್ರೈಪಾಡ್ ಇಲ್ಲದೆಯೂ ಒಳ್ಳೆಯ ಫೋಟೋ ಬರುತ್ತದೆ. ಭುವನೇಶ್ವರಿಯ ನೇರ ಕೆಳಗೆ ನೆಲದ ಮೇಲೆ ಮೊಬೈಲ್ ಅಂಗಾತ ಇಟ್ಟು, ಮುಂದಿನ ಕ್ಯಾಮೆರಾಗೆ ಟೈಮರ್ ಹಾಕಿ. ಜನ ಓಡಾಡುವ ದಾರಿ ಬಿಟ್ಟು ಇಡಿ, ಫ್ಲ್ಯಾಶ್ ಬೇಡ. ದೇವಸ್ಥಾನ ಪೂರ್ವಕ್ಕೆ ಮುಖ ಮಾಡಿದೆ. ಹಾಗಾಗಿ ಹಿಂಬದಿ ಗೋಡೆಗೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಬಿಸಿಲು ಓರೆಯಾಗಿ ಬಿದ್ದಾಗ ಆನೆ, ಕುದುರೆ, ಬಳ್ಳಿಯ ಸಾಲುಗಳಲ್ಲಿ ನೆರಳು ಕೂತು ಕೆತ್ತನೆ ಉಬ್ಬಿ ಕಾಣುತ್ತದೆ. ಮೈಸೂರಿನಿಂದ ಬನ್ನೂರಿಗೆ ಬಸ್ಸಿದೆ. ಅಲ್ಲಿಂದ ಸೋಮನಾಥಪುರ ಹತ್ತಿರ, ನೀವೇ ಹೋಗಿಬರಬಹುದು.